ಘಟ್ಟದ ಗೇರು

ನಮ್ಮ ಸೀಮೆಯಲ್ಲಿ ಗೇರು ಎಂಬ ಮಾತಿಗೆ ಎರಡರ್ಥ. ಒಂದು ಗೇರು ಮರದಲ್ಲಿ ಬಿಡುತ್ತದೆ. ಇನ್ನೊಂದು ಕಾರಿನಲ್ಲಿ ಬೀಳುತ್ತದೆ. ಮೊದಲನೆಯದರ ಯೋಗಕ್ಷೇಮವನ್ನು ಕೃಷಿಪಂಡಿತರು ವಿಚಾರಿಸಿಕೊಳ್ಳಲಿ. ಎರಡನೆಯದು ಹೊಸ ಕಾರುಗಳಿಂದ ಮೆಲ್ಲಮೆಲ್ಲನೆ ಮರೆಯಾಗುತ್ತಿರುವುದರಿಂದ, ಘಟ್ಟದ ಮೇಲೆ ಸಂಸಾರ ಹೂಡಿರುವ ನಾವು ಈ ವಾರ ಅದರ ವಿಷಯವಾಗಿ ನಾಲ್ಕು ಮಾತನಾಡಿಕೊಳ್ಳುವುದು ಉಚಿತವೆಂದು ತೋರುತ್ತದೆ.

ತನ್ನಷ್ಟಕ್ಕೆ ತಾನೇ ಗೇರು ಬದಲಿಸಿಕೊಳ್ಳುವ ಕಾರು ಲೋಕಕ್ಕೆ ಹೊಸದೇನಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯವರು ಹೈಡ್ರಾಮ್ಯಾಟಿಕ್ ಎಂಬ ಹೆಸರಿನಿಂದ ಆ ಏರ್ಪಾಡನ್ನು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿಯೇ ಅಳವಡಿಸಿದ್ದರು. ಇಂದು ಆ ದೇಶದಲ್ಲಿ ಕೈಯಿಂದ ಗೇರು ಹಾಕುವ ಹೊಸ ಕಾರನ್ನು ದೀಪ ಹಿಡಿದು ಹುಡುಕಬೇಕು. ನಮ್ಮಲ್ಲಿ ಗಾಳಿ ತಿರುಗಿದ್ದು 2014ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಮಾರುತಿ ಸಂಸ್ಥೆಯವರು ಸೆಲೆರಿಯೊ ಎಂಬ ಚಿಕ್ಕ ಕಾರನ್ನು ತಂದರು. ಅದರೊಳಗಿದ್ದುದು ಹಳೆಯ ಬಗೆಯ ಗೇರುಪೆಟ್ಟಿಗೆಯೇ. ಆದರೆ ಕ್ಲಚ್ಚು ಒತ್ತಿ ಗೇರು ಬದಲಿಸುವ ಚಾಕರಿಯನ್ನು ಮನುಷ್ಯನ ಕೈಕಾಲುಗಳಿಂದ ಬಿಡಿಸಿ ಯಂತ್ರಕ್ಕೆ ಒಪ್ಪಿಸಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ ನಿಂತಿತು. ಬಹುಕಾಲ ಸ್ಟೀರಿಂಗಿನ ಕೊರಳಿಗೇ ಗೇರಿನ ಕೋಲನ್ನು ತಗುಲಿಸಿಕೊಂಡು, ಮುಂದಿನ ಸೀಟಿನಲ್ಲಿ ಮೂವರಿಗೆ ಎಡೆಮಾಡಿಕೊಟ್ಟಿದ್ದ ವಾಹನವದು. ಒಂದು ಯುಗ ಮುಗಿದು ಇನ್ನೊಂದು ತೊಡಗಿದ್ದು ಹೀಗೆ, ಮೂರು ತಿಂಗಳ ಅಂತರದಲ್ಲಿ.

ಅಲ್ಲಿಂದೀಚೆಗೆ ಅಗ್ಗದ ಮಾದರಿಗಳಲ್ಲಿ ಗೇರಿನ ಕೋಲು ಉಳಿದಿದೆಯಾದರೂ ಬೆಲೆ ಏರಿದಂತೆಲ್ಲ ಅದು ಕಾಣೆಯಾಗುತ್ತಿದೆ. 2022ರ ಕೊನೆಯಲ್ಲಿ ಕಾಣಿಸಿಕೊಂಡ ಇನ್ನೋವಾ ಹೈಕ್ರಾಸಿಗೆ ಕ್ಲಚ್ಚಿನ ಪೆಡಲೇ ಇಲ್ಲ. ವಿದ್ಯುತ್ ಕಾರುಗಳಿಗಂತೂ ಬದಲಿಸುವ ಗೇರಿನ ಗೊಡವೆಯೇ ಇಲ್ಲ.

ಇದರಿಂದ ಉಪಕಾರವಾಗಿಲ್ಲವೆಂದು ಯಾರೂ ಹೇಳಲಾರರು. ತೀರ್ಥಹಳ್ಳಿಯಲ್ಲಿರುವ ನನ್ನ ಪರಿಚಿತರೊಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು. ಎಡಗಾಲಿನ ಮಂಡಿನೋವು ಬಲವಾಗಿ, ಕ್ಲಚ್ಚು ಒತ್ತಲಾರದೆ ಕಾರು ಬಿಡುವುದನ್ನೇ ನಿಲ್ಲಿಸಿದ್ದರು. ಉಡುಪಿಯಲ್ಲಿರುವ ಮಗಳ ಮನೆಗೆ ಹೋಗಬೇಕಾದರೆ ಯಾರಾದರೂ ಕರೆದೊಯ್ಯಬೇಕು. ಮಗನು ಕಳೆದ ವರ್ಷ ಆಟೊಮ್ಯಾಟಿಕ್ ಕಾರು ಕೊಡಿಸಿದ. ಮೇಷ್ಟರು ಹದಿನೈದೇ ದಿನಗಳಲ್ಲಿ ಹರೆಯದವರಾದರು. ಪತ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿದು ಸೋಮೇಶ್ವರದಲ್ಲಿ ಕಾಫಿಗೆ ನಿಲ್ಲಿಸಿದರಂತೆ. ಅಲ್ಲಿ ನಿಂತಿದ್ದ ಮಿನಿಬಸ್ಸಿನ ಚಾಲಕ ಹತ್ತಿರ ಬಂದು ಮೂಗರಳಿಸಿದ.

“ಬ್ರೇಕು ಸುಟ್ಟ ವಾಸನೆ ಬರ್ತಾ ಉಂಟು ಮಾರಾಯ್ರೇ. ಹತ್ತುವ ಗೇರಿನಲ್ಲೇ ಇಳೀಬೇಕಲ್ಲ?”

“ಇದಕ್ಕೆ ಗೇರೇ ಇಲ್ಲವಲ್ಲಪ್ಪಾ. ಎಲ್ಲವೂ ತಾನಾಗಿಯೇ!”

“ಗೇರಿಲ್ಲದೆ ಕಾರು ಓಡ್ತದಾ? ಆ ಕೋಲಿನ ಬುಡದಲ್ಲಿ ಎಂತ ಬರ್ದಿದೆ, ಒಮ್ಮೆ ನೋಡಿ.”

ನೋಡಿದರೆ ಅಲ್ಲಿ ‘ಎಂ’ ಎಂಬ ಅಕ್ಷರವೂ, ಅದರ ಪಕ್ಕದಲ್ಲಿ ಕೂಡುವ, ಕಳೆಯುವ ಚಿಹ್ನೆಗಳೂ ಇದ್ದುವು. ಮೇಷ್ಟರು ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರು. ಈ ಒಂದು ಅಕ್ಷರದ ಅರ್ಥವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಚಾಲಕನ ಮಾತಿನಲ್ಲಿ ಅಡಗಿರುವ ಶಾಸ್ತ್ರ ಸರಳವಾದುದು. ಕೆಳಗಿನ ಗೇರಿನಲ್ಲಿ ಕಾರು ಇಳಿಯುವಾಗ, ಚಕ್ರವು ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಭಾರವೇ ಕಾರನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತದೆ. ಮೇಲಿನ ಗೇರಿನಲ್ಲಿ ಬಿಟ್ಟರೆ ಹಿಡಿತವೆಲ್ಲ ಬ್ರೇಕಿನದೇ. ಒಂದೂವರೆ ಟನ್ನು ತೂಕದ ಕಾರು ಐನೂರು ಮೀಟರಿನಷ್ಟು ಕೆಳಗಿಳಿಯಿತೆನ್ನಿ. ಆ ಶಕ್ತಿಯನ್ನೆಲ್ಲ ಬ್ರೇಕೇ ನುಂಗಬೇಕಾದರೆ, ಇಪ್ಪತ್ತು ಲೀಟರು ತಣ್ಣೀರು ಕೊತಕೊತ ಕುದಿಯುವಷ್ಟು ಶಾಖ ಆ ನಾಲ್ಕು ಚಕ್ರಗಳ ಮೂಲೆಯಲ್ಲಿ ಹುಟ್ಟುತ್ತದೆ. ನಮ್ಮ ಬಚ್ಚಲ ಹಂಡೆಯ ಅರ್ಧಾಂಶ ನೀರು! ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಅದರ ದ್ರವ ಕುದಿದರೆ ಪೆಡಲು ಒತ್ತಿದಷ್ಟೂ ಕೆಳಗೆ ಕುಸಿಯುತ್ತದೆ. ಅದು ಹನ್ನೆರಡನೆಯ ತಿರುವಿನಲ್ಲಿ ನಡೆದರೆ ಏನು ಗತಿಯೆಂಬುದನ್ನು ವಾಚಕರೇ ಊಹಿಸಬಹುದು.

ಇದು ಆಗುಂಬೆಗೆ ಮಾತ್ರ ಸಲ್ಲುವ ಮಾತಲ್ಲ. ಹೊಸನಗರದವರು ಕುಂದಾಪುರಕ್ಕೆ ಹೋಗಬೇಕಾದರೆ ಹುಲಿಕಲ್ಲಿನ ಬಾಳೆಬರೆ ಘಟ್ಟವನ್ನು ಇಳಿಯಬೇಕು. ಸಾಗರದವರು ಹೊನ್ನಾವರಕ್ಕೆ ಹೋಗಬೇಕಾದರೆ, ಹೆಸರಿನಲ್ಲಿಯೇ ಗೇರನ್ನು ಇರಿಸಿಕೊಂಡ ಗೇರುಸೊಪ್ಪೆಗೆ ಇಳಿಯಬೇಕು. ಮೂರು ಊರಿನವರಿಗೂ ಸಮುದ್ರ, ಆಸ್ಪತ್ರೆ, ನೆಂಟಸ್ತಿಕೆ ಎಲ್ಲವೂ ಇಳಿಜಾರಿನ ಆಚೆಗಿವೆ.

ಕಲಿತ ವಿದ್ಯೆಯೆಲ್ಲ ಚಿರಕಾಲ ಉಳಿಯಲೇಬೇಕೆಂಬ ಹಟ ನನ್ನದಲ್ಲ. ಸಾಗರದಿಂದ ಸಿಗಂದೂರಿಗೆ ಹೋಗುವವರು ಶರಾವತಿಯ ಹಿನ್ನೀರಿನ ದಡದಲ್ಲಿ ಕಾರನ್ನು ಲಾಂಚಿಗೆ ಹತ್ತಿಸಬೇಕಾಗಿದ್ದ ಕಾಲದಲ್ಲಿ, ಅರ್ಧ ಕ್ಲಚ್ಚಿನ ಮೇಲೆ ಅಂಗುಲ ಅಂಗುಲವಾಗಿ ಕಾರನ್ನು ಸರಿಸುವುದೇ ಒಂದು ಕಲೆಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿಗಳ ನಡುವಿನ ಸೇತುವೆ ಉದ್ಘಾಟನೆಯಾಯಿತು. ಆ ಕಲೆಗೆ ಅಲ್ಲಿ ಕೆಲಸವಿಲ್ಲದಂತಾಯಿತು. ಅದಕ್ಕಾಗಿ ಕಣ್ಣೀರಿಡುವವರು ಯಾರೂ ಇಲ್ಲ; ಇರಬೇಕಾಗಿಯೂ ಇಲ್ಲ. ಆದರೆ ಅಲ್ಲಿ ವಿದ್ಯೆಯ ಜೊತೆಗೆ ಅದರ ಅಗತ್ಯವೂ ಹೋಯಿತು. ಘಟ್ಟದ ಮಾತು ಹಾಗಲ್ಲ. ಗೇರಿನ ಕೋಲು ಮಾಯವಾದರೂ ಇಳಿಜಾರು ಇದ್ದಲ್ಲಿಯೇ ಇದೆ.

ನಮ್ಮ ಕಾನೂನಿಗೆ ಈ ವಿಷಯ ತಿಳಿಯದೆ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಚಾಲನಾ ಪರೀಕ್ಷೆಗೆ ಬಂದವನು ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಚುರುಕಾಗಿ ಬದಲಾಯಿಸಬಲ್ಲೆನೆಂದು ತೋರಿಸಿಕೊಡಬೇಕು. ಇಂಗ್ಲೆಂಡಿನಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಮುಗಿಸಿದವನಿಗೆ ಅಂತಹ ಕಾರಿನ ಪರವಾನಗಿ ಮಾತ್ರ ದೊರೆಯುತ್ತದೆ. ನಮ್ಮ 1988ರ ಕಾಯಿದೆಯು ಗೇರಿರುವ ಮೋಟಾರ್ ಸೈಕಲ್ಲಿಗೂ ಗೇರಿಲ್ಲದುದಕ್ಕೂ ಭೇದವೆಣಿಸಿದೆ. ಕಾರಿನ ವಿಷಯದಲ್ಲಿ ಮಾತ್ರ ಎರಡೂ ಒಂದೇ. ಆದುದರಿಂದ ಬೆಂಗಳೂರಿನ ಸಮತಲದಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಕಲಿತ ನಮ್ಮ ಹುಡುಗ, ದೀಪಾವಳಿಗೆ ಊರಿಗೆ ಬಂದವನು ಚಿಕ್ಕಪ್ಪನ ಹಳೆಯ ಗೇರಿನ ಕಾರನ್ನು ಹುಲಿಕಲ್ಲಿನಲ್ಲಿ ಇಳಿಸಲು ಹೊರಟರೆ, ಅವನ ಜೇಬಿನಲ್ಲಿರುವ ಪರವಾನಗಿ ಬೇಡವೆನ್ನುವುದಿಲ್ಲ. ಬೇಡವೆನ್ನಬೇಕಾದವರು ಮನೆಯ ಹಿರಿಯರು.

ಹಾಗಾದರೆ ಮಾಡತಕ್ಕದ್ದೇನು? ಹೊಸ ಕಾರನ್ನು ತೊರೆಯಬೇಕಾಗಿಲ್ಲ; ಅದರಲ್ಲಿರುವ ಅಕ್ಷರಗಳನ್ನು ಓದಲು ಕಲಿತರೆ ಸಾಕು. ಕೆಲವದರಲ್ಲಿ ‘ಎಂ’, ಕೆಲವದರಲ್ಲಿ ‘ಎಲ್’, ಕೆಲವು ಹೈಬ್ರಿಡ್ ಕಾರುಗಳಲ್ಲಿ ‘ಬಿ’ ಎಂದಿರುತ್ತದೆ. ಘಟ್ಟದ ನೆತ್ತಿಯಲ್ಲಿಯೇ, ಇಳಿಯತೊಡಗುವ ಮುನ್ನ, ಕೋಲನ್ನು ಅಲ್ಲಿಗೆ ಸರಿಸಿ ವೇಗ ತಗ್ಗಿಸಿಕೊಳ್ಳಬೇಕು. ವಿದ್ಯುತ್ ಕಾರು ಇಳಿಯುತ್ತ ಇಳಿಯುತ್ತ ತನ್ನ ಬ್ಯಾಟರಿಯನ್ನೇ ತುಂಬಿಕೊಳ್ಳುವುದರಿಂದ ಒಳ್ಳೆಯ ಹಿಡಿತ ಕೊಡುತ್ತದೆ. ಆದರೆ ಮನೆಯಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ನೇರವಾಗಿ ಘಟ್ಟಕ್ಕೆ ಬಂದರೆ, ತುಂಬಿದ ಕೊಡಕ್ಕೆ ನೀರು ಹೊಯ್ದಂತೆ, ಆ ಹಿಡಿತ ತಗ್ಗುತ್ತದೆ. ಗೇರಿನ ಕಾರಿದ್ದವರು ಪೆಟ್ರೋಲು ಉಳಿಸುವ ಆಸೆಯಿಂದ ನ್ಯೂಟ್ರಲಿಗೆ ಹಾಕಿ ಇಳಿಯುವ ಹಳೆಯ ಚಾಳಿಯನ್ನು ಬಿಡಬೇಕು.

ನಮ್ಮ ಮೇಷ್ಟರು ಈಗಲೂ ಪ್ರತಿ ತಿಂಗಳು ಮಗಳ ಮನೆಗೆ ಹೋಗಿಬರುತ್ತಾರೆ. ಬ್ರೇಕಿನ ವಾಸನೆ ಮತ್ತೆ ಬಂದಿಲ್ಲವಂತೆ. ಹೊಸ ಕಾರಿಗೆ ಪೂಜೆ ಮಾಡಿಸಿ, ನಾಲ್ಕು ಚಕ್ರಗಳಡಿಯಲ್ಲಿ ನಾಲ್ಕು ನಿಂಬೆಹಣ್ಣಿಡುವ ಸಂಪ್ರದಾಯ ನಮ್ಮಲ್ಲಿದೆ. ಅದು ನಡೆಯಲಿ. ಅದೇ ದಿನ ಮನೆಯಲ್ಲಿ ಕಾರು ಬಿಡುವವರೆಲ್ಲರನ್ನೂ ಒಟ್ಟಿಗೆ ಕೂರಿಸಿ, ಕೋಲಿನ ಬುಡದ ಆ ಅಕ್ಷರ ಯಾವುದಕ್ಕೆಂದು ಹೇಳಿಕೊಡುವುದೂ ಸಂಪ್ರದಾಯವಾಗಲಿ. ಐದು ನಿಮಿಷದ ಪಾಠ ಸಾಕು.