ಲೆಕ್ಕ ಕೇಳಿದ ಗೋಡೆಗಳು

2020ರ ಡಿಸೆಂಬರ್ 10ರಂದು ನೂತನ ಸಂಸತ್ ಭವನಕ್ಕೆ ಶಿಲಾನ್ಯಾಸ ನೆರವೇರಿಸಿದ ಪ್ರಧಾನಿ ನರೇಂದ್ರ ಮೋದಿಯವರು ತಮ್ಮ ಭಾಷಣದಲ್ಲಿ ತಮಿಳುನಾಡಿನ ಉತ್ತರಮೇರೂರನ್ನು ಸ್ಮರಿಸಿದರು. ನಮ್ಮ ಪ್ರಜಾಪ್ರಭುತ್ವದ ಪ್ರಾಚೀನತೆಗೆ ಆ ಗ್ರಾಮವನ್ನು ಸಾಕ್ಷಿಯಾಗಿ ಕರೆಯಲಾಯಿತು. ಆದರೆ ಸಾಕ್ಷಿಯನ್ನು ಕರೆದ ಮೇಲೆ ಅದರ ಹೇಳಿಕೆಯನ್ನು ಪೂರ್ತಿಯಾಗಿ ಕೇಳುವುದು ನ್ಯಾಯ.

ಕಾಂಚೀಪುರಂ ಜಿಲ್ಲೆಯ ಈ ಊರಿನ ವೈಕುಂಠ ಪೆರುಮಾಳ್ ದೇವಾಲಯವು ಗ್ರಾಮಸಭೆ ಸೇರುತ್ತಿದ್ದ ಮಂಟಪವೂ ಆಗಿತ್ತು. ಚೋಳ ದೊರೆ ಒಂದನೇ ಪರಾಂತಕನ ಆಳ್ವಿಕೆಯಲ್ಲಿ, ಕ್ರಿ.ಶ. 920ರ ಆಸುಪಾಸಿನಲ್ಲಿ, ಸಭೆಯ ಸಮಿತಿಗಳನ್ನು ಆರಿಸುವ ನಿಯಮಗಳನ್ನು ಅದರ ಗೋಡೆಗಳ ಮೇಲೆಯೇ ಕೆತ್ತಲಾಯಿತು. ಗ್ರಾಮವನ್ನು 30 ವಾರ್ಡುಗಳಾಗಿ ವಿಂಗಡಿಸಿ, ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಮಡಕೆಗೆ ಹಾಕಿ, ತುಂಬಿದ ಸಭೆಯ ಮುಂದೆ ಬಾಲಕನೊಬ್ಬನಿಂದ ಎತ್ತಿಸಲಾಗುತ್ತಿತ್ತು. ಕೆರೆಗೊಂದು, ತೋಟಕ್ಕೊಂದು ಸಮಿತಿ. ಅಧಿಕಾರಾವಧಿ ಒಂದೇ ವರ್ಷ. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವನಿಗೆ ಮತ್ತೆ ಅವಕಾಶವಿಲ್ಲ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಮಡಕೆಗೆ ಬೀಳುವಂತಿರಲಿಲ್ಲ. ಅವನ ಹತ್ತಿರದ ಬಂಧುಗಳ ಹೆಸರೂ ಅಷ್ಟೇ!

ಇದು ಹೇಳಿಕೆಯ ಅರ್ಧಭಾಗ ಮಾತ್ರ. ಉಳಿದರ್ಧವೂ ಅದೇ ಗೋಡೆಯಲ್ಲಿದೆ. ಅಭ್ಯರ್ಥಿಗೆ ತೆರಿಗೆ ತೆರುವ ಭೂಮಿ, ಸ್ವಂತ ನಿವೇಶನದಲ್ಲಿ ಮನೆ ಹಾಗೂ ವೇದಜ್ಞಾನ ಇರಬೇಕಿತ್ತು. ವಯಸ್ಸು 35ರಿಂದ 70ರೊಳಗಿರಬೇಕಿತ್ತು. ಅದು ಬ್ರಾಹ್ಮಣರ ಅಗ್ರಹಾರದ ಸಭೆ. ಆ ಕೆರೆಯ ನೀರಿನಲ್ಲಿ ಗದ್ದೆ ಉತ್ತವರಿಗೆ, ಕಳೆ ಕಿತ್ತ ಮಹಿಳೆಯರಿಗೆ ಆ ಮಡಕೆಯಲ್ಲಿ ಓಲೆಯಿರಲಿಲ್ಲ. ಇದನ್ನು ಮರೆಮಾಚಿ ಹೊಗಳುವುದು ಇತಿಹಾಸಕ್ಕೆ ಮಾಡುವ ಅಪಚಾರ. ಇದೊಂದನ್ನೇ ಮುಂದಿಟ್ಟು ಆ ನಿಯಮಗಳ ವಿವೇಕವನ್ನು ತಳ್ಳಿಹಾಕುವುದೂ ಜಾಣತನವಲ್ಲ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಆ ಮಂಟಪದ ಮುಚ್ಚಿದ ಬಾಗಿಲನ್ನು ತೆರೆಯಿತು. ಗ್ರಾಮದ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರಾದರು. ಪರಿಶಿಷ್ಟರಿಗೆ ಜನಸಂಖ್ಯೆಗನುಗುಣವಾಗಿ, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದರಷ್ಟು ಸ್ಥಾನಗಳು ಮೀಸಲಾದವು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಸಭೆ ತುಂಬುವುದಿಲ್ಲ. ಸದಸ್ಯೆಯ ಕುರ್ಚಿಯಲ್ಲಿ ಪತಿ ಕುಳಿತು ಆಡಳಿತ ನಡೆಸಿದರೆ, ಸಭೆಯಾಗದೆ ನಡಾವಳಿ ಪುಸ್ತಕದಲ್ಲಿ ಸಹಿಗಳಷ್ಟೇ ಬಿದ್ದರೆ, ನಾವು ಪಡೆದುದಾದರೂ ಏನು?

ಬಂಧುಗಳನ್ನು ಶಿಕ್ಷಿಸುವ ನಿಯಮ ಇಂದು ಸಲ್ಲದು. ಆದರೆ ಅಧಿಕಾರವು ಒಂದೇ ಮನೆಯೊಳಗೆ ಸುತ್ತಬಾರದು, ಸಾರ್ವಜನಿಕ ಹಣದ ಲೆಕ್ಕ ಸಾರ್ವಜನಿಕರ ಮುಂದೆಯೇ ಬರಬೇಕು ಎಂಬ ಅದರ ಆಶಯ ಹಳತಾಗಿಲ್ಲ. ಅಂದು ಬಾಗಿಲು ಕಿರಿದಾಗಿತ್ತು, ಲೆಕ್ಕ ಕಟ್ಟುನಿಟ್ಟಾಗಿತ್ತು. ಇಂದು ಬಾಗಿಲು ವಿಶಾಲವಾಗಿದೆ. ಒಳಹೋಗಿ ಲೆಕ್ಕ ಕೇಳಬೇಕಾದವರು ನಾವು.