ಗುಟ್ಟು ಒಡೆದರೆ ವಂಚಕನ ಆಟ ಮುಗಿಯಿತು

‘ಈ ವಿಷಯ ಯಾರಿಗೂ ಹೇಳಬೇಡಿ.’ ‘ಡಿಜಿಟಲ್ ಅರೆಸ್ಟ್’ ವಂಚಕರ ಬಾಯಲ್ಲಿ ಪದೇ ಪದೇ ಬರುವ ಮಾತು ಇದು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಅಕ್ರಮ ಹಣ ಸಾಗಿಸಿದ್ದಾರೆ ಎಂದು ಕತೆ ಶುರುವಾಗುತ್ತದೆ. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟವನೊಬ್ಬ ಕಾಣಿಸಿಕೊಂಡು, ಕೋಣೆಯ ಬಾಗಿಲು ಹಾಕಿಕೊಳ್ಳಿ, ಕರೆ ಕಟ್ ಮಾಡಬೇಡಿ ಎಂದು ಗದರುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲವೆಂದು 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಹೇಳಿದರು. ಆದರೂ ಓದು ಬರಹ ಬಲ್ಲವರು, ನಿವೃತ್ತ ಅಧಿಕಾರಿಗಳು, ಸಾಫ್ಟ್‌ವೇರ್ ಎಂಜಿನಿಯರ್‌ಗಳು ಜೀವಮಾನದ ಉಳಿತಾಯ ಕಳೆದುಕೊಳ್ಳುತ್ತಿದ್ದಾರೆ. ಹೆದರಿದ ಮನುಷ್ಯ ಒಂಟಿಯಾದಾಗ ತಿಳಿದದ್ದೂ ನೆನಪಿಗೆ ಬರುವುದಿಲ್ಲ.

ಆದ್ದರಿಂದ ಸುರಕ್ಷತೆಯ ಮೊದಲ ಅಭ್ಯಾಸ ತೀರಾ ಸರಳ: ಕರೆ ಕಟ್ ಮಾಡಿ, ಹತ್ತಿರದ ಒಬ್ಬರಿಗೆ ಹೇಳಿ. ಹೆಂಡತಿ, ಮಗ, ಪಕ್ಕದ ಮನೆಯವರು, ಯಾರಾದರೂ ಸರಿ. ಇನ್ನೊಬ್ಬರ ಕಿವಿಗೆ ಬಿದ್ದೊಡನೆ ಆ ಕತೆಯ ಹುಳುಕು ಕಾಣತೊಡಗುತ್ತದೆ.

ಉಳಿದ ಮೋಸಗಳು ನಮ್ಮ ಅವಸರವನ್ನು ನಂಬಿಕೊಂಡಿವೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ಅಥವಾ ಟ್ರಾಫಿಕ್ ದಂಡದ ಹೆಸರಿನಲ್ಲಿ ಬರುವ ‘ಎಪಿಕೆ’ ಎಂಬ ಆ್ಯಪ್ ಫೈಲ್ ಒತ್ತಿ ಹಾಕಿಕೊಂಡರೆ ಫೋನೇ ವಂಚಕರ ಕೈವಶವಾಗಬಹುದು. ಕರೆಯೋಲೆ ನೋಡಲು ಆ್ಯಪ್ ಹಾಕಿಕೊಳ್ಳಬೇಕಿಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು. ಪಡೆಯಲು ಅದು ಬೇಡ. ಬ್ಯಾಂಕಿನಿಂದ ಎಂದು ಕರೆ ಬಂದರೆ ಇಟ್ಟುಬಿಟ್ಟು, ಕಾರ್ಡಿನ ಹಿಂಬದಿಯ ಸಂಖ್ಯೆಗೆ ನಾವೇ ಫೋನ್ ಮಾಡಿ ಕೇಳಬೇಕು.

ಬಿಡುವಿನ ದಿನ ಮಾಡಿಟ್ಟುಕೊಳ್ಳುವ ಕೆಲಸಗಳೂ ಇವೆ. ಇಮೇಲ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ. ವಾಟ್ಸ್‌ಆ್ಯಪ್‌ಗೆ ಎರಡು ಹಂತದ ದೃಢೀಕರಣ ಹಾಕಿ. ಆಧಾರ್‌ನ ಬಯೊಮೆಟ್ರಿಕ್‌ಗೂ ಬೀಗ ಹಾಕಿ. 2023ರಲ್ಲಿ ಕರ್ನಾಟಕದಲ್ಲಿ, ನೋಂದಣಿಯಾದ ಆಸ್ತಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬಯಲಾದವು. ಅಲ್ಲಿ ಖಾತೆದಾರರು ಒಟಿಪಿ ಹೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಜನರ ದಾಖಲೆ ಇಟ್ಟುಕೊಳ್ಳುವ ಇಲಾಖೆಗಳಿಗೂ ಬ್ಯಾಂಕುಗಳಿಗೂ ಎಚ್ಚರದ ಹೊಣೆ ಇದೆ ಎಂಬುದಕ್ಕೆ ಇಷ್ಟು ಸಾಕು. ಹಿರಿಯರೊಬ್ಬರು ಗಾಬರಿಯಲ್ಲಿ ಬಂದು ಠೇವಣಿ ಮುರಿಸಿ ಅಪರಿಚಿತ ಖಾತೆಗೆ ಕಳಿಸಿ ಎಂದಾಗ, ‘ಯಾಕೆ’ ಎಂದು ಕೇಳುವುದು ಬ್ಯಾಂಕ್ ಸಿಬ್ಬಂದಿಯ ಅಭ್ಯಾಸವಾಗಬೇಕು.

ಹಣ ಹೋದ ಮೇಲೆ ನಿಮಿಷ ನಿಮಿಷವೂ ಮುಖ್ಯ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಹಣ ಖಾತೆಯಿಂದ ಖಾತೆಗೆ ಜಿಗಿದು ಕಣ್ಮರೆಯಾಗುವ ಮುನ್ನ ತಡೆಹಿಡಿಯಲು ಅವಕಾಶವಿರುತ್ತದೆ. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪಿನಿಂದಲೇ ಮಾಹಿತಿ ಸೋರಿದ್ದರೂ, ದೂರು ಕೊಟ್ಟ ನಂತರ ಆಗುವ ನಷ್ಟ ಬ್ಯಾಂಕಿನದು.

ಆದರೆ ಆ ಅಮೂಲ್ಯ ಗಳಿಗೆಗಳನ್ನು ನುಂಗುವುದು ನಾಚಿಕೆ. ‘ಅಷ್ಟೂ ಗೊತ್ತಾಗಲಿಲ್ವಾ ನಿನಗೆ?’ ಎಂಬ ಮಾತಿಗೆ ಹೆದರಿ ಅಪ್ಪ ಎರಡು ದಿನ ಬಾಯಿ ಬಿಡುವುದಿಲ್ಲ. ಮಗಳು ಸಾಲದ ಆ್ಯಪ್‌ನ ಬೆದರಿಕೆಯನ್ನು ಒಬ್ಬಳೇ ನುಂಗಿಕೊಳ್ಳುತ್ತಾಳೆ. ಮೋಸಹೋದವರನ್ನು ದಡ್ಡರೆಂದು ಜರೆಯುವ ಪ್ರತಿ ಮನೆಯೂ ವಂಚಕ ಹೇಳಿದ ‘ಯಾರಿಗೂ ಹೇಳಬೇಡಿ’ ಎಂಬ ಮಾತಿಗೆ ಬಲ ತುಂಬುತ್ತದೆ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಒಂದು ಮಾತು ಕೊಡೋಣ: ‘ಅಂಥ ಕರೆ ಬಂದರೆ, ದುಡ್ಡು ಹೋದರೂ ಸರಿ, ಮೊದಲು ನನಗೆ ಹೇಳಿ. ನಾನು ಬೈಯುವುದಿಲ್ಲ.’