ಸುದ್ದಿಯ ಬಲ ಯಾರಲ್ಲಿದೆ?

“ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಎತ್ತು ಕರು ಹಾಕುವುದು ಸಾಧ್ಯವೆ ಎಂದು ಒಂದು ಕ್ಷಣವೂ ಯೋಚಿಸದೆ, ಕರುವನ್ನು ಕಟ್ಟಲು ಗೂಟ ಹುಡುಕಹೊರಟವನನ್ನು ಕುರಿತು ನಮ್ಮ ಹಿರಿಯರು ಆಡಿದ ಮಾತಿದು. ಇದನ್ನು ಕೇಳಿದಾಗಲೆಲ್ಲ ನಾವು ನಗುತ್ತೇವೆ. ನಗುವಾಗ ನಮ್ಮ ಕಣ್ಣಮುಂದೆ ನಿಲ್ಲುವ ಆ ಮೂಢನು ಯಾರು? ಅವನು ಯಾವಾಗಲೂ ಬೇರೊಬ್ಬನೇ, ನಾವಂತೂ ಅಲ್ಲ. ಈ ಸಣ್ಣ ಸಂಗತಿಯಲ್ಲಿಯೇ ಒಂದು ದೊಡ್ಡ ವೈಜ್ಞಾನಿಕ ಪ್ರಶ್ನೆ ಅಡಗಿದೆ.

ವೃತ್ತಪತ್ರಿಕೆ, ಬಾನುಲಿ, ಚಲನಚಿತ್ರ, ದೂರದರ್ಶನ, ಈಗ ಬಹುಮಂದಿಯ ಅಂಗೈಯಲ್ಲಿರುವ ಮೊಬೈಲು, ಇವುಗಳ ಮೂಲಕ ಬರುವ ಮಾತು ಕೇಳುವವರ ಮನಸ್ಸಿನ ಮೇಲೆ ಎಂಥ ಪರಿಣಾಮವನ್ನುಂಟುಮಾಡುತ್ತದೆ? ಸುದ್ದಿಯ ಬಲವಿರುವುದು ಹೇಳುವವನಲ್ಲಿಯೋ ಕೇಳುವವನಲ್ಲಿಯೋ? ಸುಮಾರು ನೂರು ವರ್ಷಗಳಿಂದ ವಿದ್ವಾಂಸರು ಈ ಪ್ರಶ್ನೆಯನ್ನು ಪರಿಶೀಲಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡುದನ್ನು ನೋಡಿದರೆ, ಆ ಬಲದ ಬಹುಭಾಗ ಕೇಳುವವನಲ್ಲಿಯೂ ಅವನ ನೆರೆಹೊರೆಯಲ್ಲಿಯೂ ಇದೆ, ಆದುದರಿಂದ ಹೊಣೆಯ ಒಂದು ಪಾಲೂ ಅಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ (1914–18) ಯುದ್ಧನಿರತ ರಾಷ್ಟ್ರಗಳು ಕರಪತ್ರ, ಭಿತ್ತಿಪತ್ರ, ವೃತ್ತಪತ್ರಿಕೆಗಳ ಮೂಲಕ ಪ್ರಚಾರದ ಮಳೆಗರೆದವು. ಅಮೆರಿಕದ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಲಾಸ್‌ವೆಲ್ಲರು 1927ರಲ್ಲಿ ಈ ಪ್ರಚಾರತಂತ್ರವನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಪ್ರಚಾರವೆಂದರೆ ಕೋವಿಯಿಂದ ಹಾರಿದ ಗುಂಡು, ಜನಸಮೂಹವೆಂದರೆ ಅಲುಗಾಡದೆ ನಿಂತ ಗುರಿ, ಗುಂಡು ತಗುಲಿತೆಂದರೆ ಗುರಿ ಉರುಳಲೇಬೇಕು ಎಂಬ ಭಾವನೆ ಆ ಕಾಲದಲ್ಲಿ ಬಹುವಾಗಿ ಹರಡಿತ್ತು. ಮುಂದಿನವರು ಇದನ್ನು ‘ಮಾಯಾಗುಂಡಿನ ಸಿದ್ಧಾಂತ’ ಎಂದು ಕರೆದರು. ಉಪಮೆಯೇನೋ ಸೊಗಸಾಗಿದೆ. ಆದರೆ ಸೊಗಸಾದ ಮಾತ್ರಕ್ಕೆ ಉಪಮೆ ಸತ್ಯವಾಗಬೇಕಾಗಿಲ್ಲ.

ಈ ಸಿದ್ಧಾಂತಕ್ಕೆ ಪ್ರಬಲ ಸಾಕ್ಷ್ಯವೆಂದು ಬಹುಕಾಲ ಎಣಿಸಲ್ಪಟ್ಟ ಘಟನೆಯೊಂದುಂಟು. 1938ನೆಯ ಅಕ್ಟೋಬರ್ 30ರ ಭಾನುವಾರ ರಾತ್ರಿ ಅಮೆರಿಕದ ಕೊಲಂಬಿಯಾ ಬಾನುಲಿ ಜಾಲದಲ್ಲಿ ಆರ್ಸನ್ ವೆಲ್ಸ್ ಎಂಬ ತರುಣ ನಟರು ಒಂದು ನಾಟಕವನ್ನು ಪ್ರಸಾರ ಮಾಡಿದರು. ಮಂಗಳ ಗ್ರಹದ ಜೀವಿಗಳು ಭೂಮಿಯ ಮೇಲೆ ದಂಡೆತ್ತಿ ಬರುವ ಎಚ್. ಜಿ. ವೆಲ್ಸರ ಕಾದಂಬರಿ ಅದಕ್ಕೆ ಆಧಾರ. ನಡುನಡುವೆ ಸಂಗೀತವನ್ನು ನಿಲ್ಲಿಸಿ, ನಿಜವಾದ ವಾರ್ತೆಯೋ ಎಂಬಂತೆ, ನ್ಯೂಜೆರ್ಸಿಯ ಹಳ್ಳಿಯೊಂದರಲ್ಲಿ ಶತ್ರುಗಳು ಇಳಿದರೆಂಬ ಪ್ರಕಟಣೆಗಳನ್ನು ಓದಲಾಯಿತು. ಮರುದಿನದ ಪತ್ರಿಕೆಗಳು ರಾಷ್ಟ್ರವೇ ಭಯಭ್ರಾಂತವಾಯಿತೆಂದು ದೊಡ್ಡ ಅಕ್ಷರಗಳಲ್ಲಿ ಸಾರಿದವು. ಗುಂಡು ಗುರಿಗೆ ತಗುಲಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ಲರು ಈ ಘಟನೆಯನ್ನು ವಿಚಾರಿಸಿ 1940ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರೂ ಅವರ ಸಹೋದ್ಯೋಗಿಗಳೂ 135 ಮಂದಿಯನ್ನು ಸಂದರ್ಶಿಸಿದ್ದರು. ಇವರಲ್ಲಿ ಬಹುಮಂದಿ ಹೆದರಿದವರೆಂದು ಮೊದಲೇ ಗೊತ್ತಿದ್ದವರು. ಒಂದೇ ನಾಟಕವನ್ನು ಕೇಳಿದ ಜನ ಒಂದೇ ರೀತಿ ನಡೆದುಕೊಂಡಿರಲಿಲ್ಲ. ಕೆಲವರು ಬೇರೊಂದು ಬಾನುಲಿ ಕೇಂದ್ರಕ್ಕೆ ತಿರುಗಿಸಿ ನೋಡಿದರು. ಕೆಲವರು ಪತ್ರಿಕೆಯಲ್ಲಿ ಅಚ್ಚಾಗಿದ್ದ ಕಾರ್ಯಕ್ರಮಪಟ್ಟಿಯನ್ನು ತೆಗೆದು ನೋಡಿದರು. ಇಷ್ಟು ದೂರವನ್ನು ಇಷ್ಟು ಕಡಿಮೆ ಸಮಯದಲ್ಲಿ ಯಾರಾದರೂ ಕ್ರಮಿಸುವುದುಂಟೆ ಎಂದು ಲೆಕ್ಕ ಹಾಕಿ, ಇದು ಕಥೆಯೆಂದು ತಿಳಿದವರೂ ಇದ್ದರು. ಇನ್ನು ಕೆಲವರು ಪರೀಕ್ಷಿಸಿಯೂ ಮೋಸಹೋದರು. ಒಬ್ಬರು ಕಿಟಕಿಯಿಂದ ಹೊರಗೆ ನೋಡಿದರೆ ರಸ್ತೆಯ ತುಂಬ ಕಾರುಗಳಿದ್ದವು. ಜನರೆಲ್ಲ ಓಡಿಹೋಗುತ್ತಿದ್ದಾರೆಂದು ಅವರು ನಿರ್ಧರಿಸಿದರು. ಇನ್ನೊಬ್ಬರು ನೋಡಿದಾಗ ರಸ್ತೆಯಲ್ಲಿ ಒಂದು ಕಾರೂ ಇರಲಿಲ್ಲ. ಮುಂದಿನ ದಾರಿಯೆಲ್ಲ ನಾಶವಾಗಿ ಸಂಚಾರವೇ ನಿಂತಿದೆಯೆಂದು ಅವರು ನಿರ್ಧರಿಸಿದರು. ಈ ಭಯಕ್ಕೆ ಹಿನ್ನೆಲೆಯೂ ಇತ್ತು. ಕೆಲವೇ ವಾರಗಳ ಹಿಂದೆ ಯೂರೋಪಿನಲ್ಲಿ ಯುದ್ಧ ಆರಂಭವಾಗಿಬಿಡುವುದೋ ಎಂಬ ಸ್ಥಿತಿಯುಂಟಾಗಿ, ಬಾನುಲಿಯವರು ಸಂಗೀತವನ್ನು ತಡೆದು ತಡೆದು ನಿಜವಾದ ವಾರ್ತೆಗಳನ್ನು ಓದಿದ್ದರು. ಬೀಜವೊಂದೇ ಆದರೂ ನೆಲ ಬೇರೆಬೇರೆ. ಕೆಲವೆಡೆ ನೆಲವನ್ನು ಯಾರೋ ಮೊದಲೇ ಉತ್ತು ಹದಮಾಡಿದ್ದರು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ರಾತ್ರಿ ಸುಮಾರು 5,000 ಮನೆಗಳಿಗೆ ದೂರವಾಣಿ ಮಾಡಿ, ಯಾವ ಕಾರ್ಯಕ್ರಮ ಕೇಳುತ್ತಿದ್ದೀರೆಂದು ವಿಚಾರಿಸಿದ ಸಂಸ್ಥೆಯೊಂದಿತ್ತು. ಅದರ ಲೆಕ್ಕದಂತೆ ವೆಲ್ಸರ ನಾಟಕವನ್ನು ಕೇಳುತ್ತಿದ್ದವರು ನೂರಕ್ಕೆ ಇಬ್ಬರು ಮಾತ್ರ. ಕ್ಯಾಂಟ್ರಿಲ್ಲರು ಆಧಾರವಾಗಿಟ್ಟುಕೊಂಡ, ಕೆಲವು ವಾರಗಳ ನಂತರದ ಸಮೀಕ್ಷೆ ಇದಕ್ಕಿಂತ ಬಹು ದೊಡ್ಡ ಸಂಖ್ಯೆಯನ್ನು ಕೊಟ್ಟಿತ್ತು. ಹೆದರಿದವರು ಇದ್ದರೆಂಬುದು ನಿಜ. ರಾಷ್ಟ್ರವೇ ಹೆದರಿತೆಂಬುದು ಪತ್ರಿಕೆಗಳ ಅತಿಶಯೋಕ್ತಿ; ತಮ್ಮ ಜಾಹೀರಾತುಗಳನ್ನು ಕಸಿದುಕೊಳ್ಳುತ್ತಿದ್ದ ಬಾನುಲಿಯನ್ನು ಹಳಿಯಲು ಅವುಗಳಿಗೆ ಇದೊಂದು ಅವಕಾಶವಾಯಿತು ಎಂದು ಈಚಿನ ಸಂಶೋಧಕರು ವಾದಿಸಿದ್ದಾರೆ. ಜನ ಎಷ್ಟು ಸುಲಭವಾಗಿ ನಂಬುತ್ತಾರೆ ನೋಡಿರಿ ಎಂಬ ಈ ಕಥೆಯನ್ನು ದಶಕಗಳ ಕಾಲ ವಿದ್ಯಾವಂತರೇ ಸುಲಭವಾಗಿ ನಂಬಿದರು! ಎತ್ತು ಈಯಿತೆಂದು ಪತ್ರಿಕೆಗಳು ಹೇಳಿದವು. ಕರು ಕಟ್ಟಲು ಹೊರಟವರಲ್ಲಿ ಪಂಡಿತರೂ ಇದ್ದರು.

ಗುಂಡಿನ ಉಪಮೆಗೆ ಎರಡನೆಯ ಪೆಟ್ಟು ಬಿದ್ದುದು ಓಹಾಯೋ ಸಂಸ್ಥಾನದ ಈರಿ ಎಂಬ ಜಿಲ್ಲೆಯಲ್ಲಿ. 1940ರಲ್ಲಿ ರೂಸ್‌ವೆಲ್ಟ್ ಮತ್ತು ವಿಲ್ಕಿ ಇವರ ನಡುವೆ ಅಧ್ಯಕ್ಷ ಚುನಾವಣೆ ನಡೆಯಿತು. ಪಾಲ್ ಲಾಜರ್ಸ್‌ಫೆಲ್ಡರೂ ಅವರ ಸಂಗಡಿಗರೂ ಅಲ್ಲಿಯ 600 ಮತದಾರರನ್ನು ಮೇ ತಿಂಗಳಿಂದ ನವೆಂಬರ್‌ವರೆಗೆ ತಿಂಗಳು ತಿಂಗಳೂ ಸಂದರ್ಶಿಸಿದರು. ಇಷ್ಟು ತಿಂಗಳ ಪ್ರಚಾರದಿಂದ ಒಂದು ಪಕ್ಷವನ್ನು ಬಿಟ್ಟು ಇನ್ನೊಂದು ಪಕ್ಷಕ್ಕೆ ಒಲಿದವರು ಎಷ್ಟು ಮಂದಿ? ನೂರಕ್ಕೆ ಎಂಟರಷ್ಟು. ಮಿಕ್ಕವರಲ್ಲಿ ಬಹುಮಂದಿ ತಮಗೆ ಮೊದಲೇ ಇದ್ದ ಒಲವನ್ನು ಗಟ್ಟಿಮಾಡುವ ಮಾತುಗಳನ್ನೇ ಆರಿಸಿಕೊಂಡು ಓದಿದ್ದರು, ಕೇಳಿದ್ದರು. ಮನಸ್ಸು ಬದಲಾಯಿಸಿದವರಲ್ಲಿಯೂ ಅನೇಕರು ಬಾನುಲಿಗಿಂತ ಹೆಚ್ಚಾಗಿ ಮನೆಯವರ, ಸ್ನೇಹಿತರ, ಜೊತೆ ಕೆಲಸಗಾರರ ಮಾತಿಗೆ ಕಿವಿಗೊಟ್ಟಿದ್ದರು. ಸುದ್ದಿ ಮೊದಲು ಊರಿನ ತಿಳಿದವರೆನಿಸಿಕೊಂಡವರಿಗೆ ಮುಟ್ಟಿ, ಅಲ್ಲಿಂದ ಮಿಕ್ಕವರಿಗೆ ಹರಿಯುತ್ತದೆ ಎಂಬ ‘ಎರಡು ಹಂತದ ಹರಿವಿನ ಸಿದ್ಧಾಂತ’ ಇದರಿಂದ ಹುಟ್ಟಿತು. ನಮ್ಮ ಹಳ್ಳಿಗಳ ಅರಳಿಕಟ್ಟೆಯನ್ನು ಬಲ್ಲವರಿಗೆ ಇದು ತೀರ ಹೊಸ ಮಾತೆಂದು ತೋರಲಾರದು.

ಅರಳಿಕಟ್ಟೆಯ ಈ ಶಕ್ತಿಯನ್ನು ಒಳ್ಳೆಯ ಕೆಲಸಕ್ಕೆ ಹೂಡಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉಜ್ವಲ ನಿದರ್ಶನವಿದೆ. 1956ರಲ್ಲಿ ಆಕಾಶವಾಣಿಯ ಪುಣೆ ಕೇಂದ್ರವು ಯುನೆಸ್ಕೋ ಸಂಸ್ಥೆಯ ಸಹಕಾರದಿಂದ, ಆಗಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ 150 ಹಳ್ಳಿಗಳಲ್ಲಿ ರೈತರ ಬಾನುಲಿ ಕೂಟಗಳನ್ನು ಏರ್ಪಡಿಸಿತು. ವಾರಕ್ಕೆರಡು ಬಾರಿಯಂತೆ 20 ಕಾರ್ಯಕ್ರಮಗಳು. ರೈತರು ಒಟ್ಟಿಗೆ ಕುಳಿತು ಅರ್ಧ ಗಂಟೆ ಕೇಳುವುದು, ಆಮೇಲೆ ತಮ್ಮತಮ್ಮಲ್ಲಿ ಚರ್ಚಿಸುವುದು, ಸಂದೇಹಗಳನ್ನು ಬರೆದು ಕಳುಹಿಸುವುದು, ಅವುಗಳಿಗೆ ಮುಂದಿನ ಪ್ರಸಾರದಲ್ಲಿ ಉತ್ತರ ಕೇಳುವುದು, ಹೀಗಿತ್ತು ಅದರ ಕ್ರಮ. ಕೂಟಗಳಿದ್ದ ಹಳ್ಳಿಗಳನ್ನು, ಬಾನುಲಿ ಇದ್ದರೂ ಕೂಟವಿಲ್ಲದ ಹಳ್ಳಿಗಳೊಡನೆ ವಿದ್ವಾಂಸರು ಹೋಲಿಸಿ ನೋಡಿದರು. ಕೂಟವಿದ್ದಲ್ಲಿ ಜನರ ತಿಳಿವಳಿಕೆ ಗಣನೀಯವಾಗಿ ಬೆಳೆದಿತ್ತು. ಬಾನುಲಿ ಪೆಟ್ಟಿಗೆ ಮಾತ್ರ ಇದ್ದಲ್ಲಿ ಅಷ್ಟು ಬೆಳೆದಿರಲಿಲ್ಲ. ಜ್ಞಾನವನ್ನು ಬೆಳೆಸಿದ್ದು ಬರಿಯ ಧ್ವನಿಯಲ್ಲ. ಪ್ರಶ್ನೆ ಕೇಳುವ ಅವಕಾಶ.

ಇದೇ ಶಕ್ತಿ ಪ್ರಶ್ನೆಯಿಲ್ಲದೆ ಹರಿದರೆ ಏನಾಗುತ್ತದೆಂಬುದನ್ನು ಬೆಂಗಳೂರು 2012ರ ಆಗಸ್ಟ್ ತಿಂಗಳಲ್ಲಿ ಕಂಡಿತು. ಈಶಾನ್ಯ ರಾಜ್ಯಗಳಿಂದ ಓದಲೂ ದುಡಿಯಲೂ ಬಂದಿದ್ದ ತರುಣ ತರುಣಿಯರ ಮೇಲೆ ದೊಡ್ಡ ಆಕ್ರಮಣ ನಡೆಯಲಿದೆಯೆಂಬ ವದಂತಿ ಮೊಬೈಲು ಸಂದೇಶಗಳಾಗಿ, ದೂರವಾಣಿ ಕರೆಗಳಾಗಿ ಹಬ್ಬಿತು. ಸಾವಿರಾರು ಮಂದಿ ಓದನ್ನೂ ಉದ್ಯೋಗವನ್ನೂ ಬಿಟ್ಟು ರೈಲ್ವೆ ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ವದಂತಿ ಹೇಳಿದಂಥ ಸಾಮೂಹಿಕ ಆಕ್ರಮಣ ನಡೆಯಲಿಲ್ಲ. ಓಡಿಹೋದವರನ್ನು ಹೇಡಿಗಳೆಂದೋ ಮೂಢರೆಂದೋ ಕರೆಯಬಹುದೆ? ಕೂಡದು. ಹಿಂದಿನ ತಿಂಗಳಷ್ಟೆ ಅಸ್ಸಾಮಿನಲ್ಲಿ ಘೋರ ಗಲಭೆಗಳಾಗಿದ್ದವು. ಸುದ್ದಿ ತಂದವರು ಅಪರಿಚಿತರಲ್ಲ. ಸ್ನೇಹಿತರು, ಬಂಧುಗಳು, ಊರಿನಿಂದ ಕಳವಳಗೊಂಡು ಕರೆಮಾಡಿದ ತಾಯಿತಂದೆಗಳು. ನೆಲ ಹದವಾಗಿತ್ತು, ಬಿತ್ತಿದ ಕೈ ಪ್ರೀತಿಯದಾಗಿತ್ತು. ವದಂತಿಯ ಬಲದ ರಹಸ್ಯ ಇದೇ. ಅದು ಶತ್ರುವಿನ ಧ್ವನಿಯಲ್ಲಿ ಬರುವುದಿಲ್ಲ. ನಮ್ಮವರ ಧ್ವನಿಯಲ್ಲಿ ಬರುತ್ತದೆ.

ಇದಕ್ಕಿಂತಲೂ ದಾರುಣವಾದುದು 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ನಡೆಯಿತು. ಆ ದಿನಗಳಲ್ಲಿ ಮಕ್ಕಳ ಕಳ್ಳರು ತಿರುಗಾಡುತ್ತಿದ್ದಾರೆಂಬ ಸಂದೇಶಗಳು ದೇಶದ ಹಲವೆಡೆ ವಾಟ್ಸಾಪಿನಲ್ಲಿ ಹರಿದಾಡುತ್ತಿದ್ದವು. ಹೈದರಾಬಾದಿನಿಂದ ಬಂದಿದ್ದ ತರುಣ ಎಂಜಿನಿಯರೊಬ್ಬರು, ತಮ್ಮ ಸಂಗಡಿಗರು ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಸಂದೇಹಕ್ಕೆ ಕಾರಣವಾಗಿ, ಗುಂಪಿನ ಹೊಡೆತಕ್ಕೆ ಬಲಿಯಾದರು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿ ಹಾಕಿತು. ಇಂಥ ಕಟ್ಟಳೆಗಳು ಅವಶ್ಯಕವೇ. ಆದರೆ ಐದು ಮಂದಿಗೆ ಕಳುಹಿಸಿದ ಸುಳ್ಳೂ ಸುಳ್ಳೇ.

“ಇದೆಲ್ಲ ಓದುಬರಹವಿಲ್ಲದವರ ಪಾಡು, ನಮಗೇನು?” ಎಂದು ನಮ್ಮ ತರುಣ ವಾಚಕರಲ್ಲಿ ಕೆಲವರು ಕೇಳಬಹುದು. ಈ ಪ್ರಶ್ನೆಯೇ ಒಂದು ಸಂಶೋಧನೆಗೆ ವಸ್ತುವಾಗಿದೆ. ಫಿಲಿಪ್ಸ್ ಡೇವಿಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1983ರಲ್ಲಿ ಬರೆದ ಲೇಖನದಲ್ಲಿ ತಾವು ಕೇಳಿದ ಒಂದು ಪ್ರಸಂಗವನ್ನು ಹೇಳಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಇವೋಜಿಮಾ ದ್ವೀಪದಲ್ಲಿ ಅಮೆರಿಕದ ಒಂದು ಪಡೆಯಿತ್ತು. ಸೈನಿಕರು ಕರಿಯರು, ಅಧಿಕಾರಿಗಳು ಬಿಳಿಯರು. ಇದು ಬಿಳಿಯರ ಯುದ್ಧ, ನೀವೇಕೆ ಸಾಯುತ್ತೀರಿ ಎಂಬರ್ಥದ ಕರಪತ್ರಗಳನ್ನು ಜಪಾನೀಯರು ವಿಮಾನದಿಂದ ಉದುರಿಸಿದರು. ಮರುದಿನವೇ ಆ ಪಡೆಯನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಕರಪತ್ರದಿಂದ ಸೈನಿಕರ ಮನಸ್ಸು ಕದಲಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲ; ಕದಲಿದುದು ಅಧಿಕಾರಿಗಳ ಮನಸ್ಸು. ಸುದ್ದಿಯ ಮಾಯೆಗೆ ಬೀಳುವವರು ‘ನಾನು’ ಅಲ್ಲ, ‘ನೀನು’ ಅಲ್ಲ, ‘ಅವರು’ ಎಂಬ ಈ ಮನೋಧರ್ಮವನ್ನು ಡೇವಿಸನ್ನರು ಗುರುತಿಸಿದರು. ನಾವು ಇದನ್ನು ‘ಅವರು ಎಂಬ ಭ್ರಾಂತಿ’ ಎಂದು ಕರೆಯಬಯಸುತ್ತೇವೆ.

ಈ ಭ್ರಾಂತಿ ಎಷ್ಟು ಪೊಳ್ಳೆಂಬುದನ್ನು 1977ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ತೋರಿಸುತ್ತದೆ. ಹ್ಯಾಷರ್, ಗೋಲ್ಡ್‌ಸ್ಟೈನ್, ಟೊಪಿನೊ ಎಂಬ ಮೂವರು ಮನಶ್ಶಾಸ್ತ್ರಜ್ಞರು ಕೆಲವು ಹೇಳಿಕೆಗಳನ್ನು ಎರಡು ವಾರಗಳ ಅಂತರದಲ್ಲಿ ಮೂರು ಸಲ ಕೇಳಿಸಿ, ಇವು ಎಷ್ಟರಮಟ್ಟಿಗೆ ನಿಜವೆಂದು ವಿಚಾರಿಸಿದರು. ಕೆಲವು ಹೇಳಿಕೆಗಳು ಪ್ರತಿ ಸಲವೂ ಮರಳಿ ಬಂದವು. ಹೀಗೆ ಮರಳಿ ಬಂದವುಗಳು, ನಿಜವಾಗಿರಲಿ ಸುಳ್ಳಾಗಿರಲಿ, ಹೆಚ್ಚು ಹೆಚ್ಚು ನಿಜವೆಂದು ತೋರತೊಡಗಿದವು. ಇದಕ್ಕೆ ಒಳಗಾದವರು ನಿರಕ್ಷರಿಗಳಲ್ಲ, ಕಾಲೇಜಿನ ವಿದ್ಯಾರ್ಥಿಗಳು. ಪರಿಚಿತವಾದುದನ್ನು ಸತ್ಯವೆಂದು ಎಣಿಸುವುದು ಯಾವುದೋ ಒಂದು ವರ್ಗದ ದೋಷವಲ್ಲ, ಮನುಷ್ಯಮಾತ್ರದ ಸ್ವಭಾವ. ಈ ಸಾಲುಗಳನ್ನು ಬರೆಯುತ್ತಿರುವ ನಾವೂ ಅದಕ್ಕೆ ಹೊರತಲ್ಲ.

ಹಾಗಾದರೆ ಮಾಡಬೇಕಾದುದೇನು? ಜನಸಮೂಹವನ್ನು ಬುದ್ಧಿಯಿಲ್ಲದ ಮಂದೆಯೆಂದು ಭಾವಿಸಿ, ಅವರ ಕಿವಿಗೆ ಏನು ಬೀಳಬೇಕೆಂಬುದನ್ನು ನಾವು ಕೆಲವರೇ ಗೊತ್ತುಮಾಡೋಣ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಅದು ಗುಂಡಿನ ಸಿದ್ಧಾಂತವೇ ಬೇರೆ ವೇಷದಲ್ಲಿ ಬಂದಂತೆ. ಕೇಳುವವನು ತನಗೆ ಬೇಕಾದುದನ್ನೇ ಆರಿಸಿಕೊಳ್ಳುತ್ತಾನೆ, ಆದುದರಿಂದ ಯಾರು ಏನು ಹೇಳಿದರೂ ಅಪಾಯವಿಲ್ಲ ಎನ್ನುವವರ ಮಾತೂ ಸರಿಯಲ್ಲ. ಬೀದರಿನ ಆ ಮನೆಯವರನ್ನು ಕೇಳಿದರೆ ತಿಳಿದೀತು. ಸುಳ್ಳನ್ನು ಬುದ್ಧಿಪೂರ್ವಕವಾಗಿ ಹುಟ್ಟಿಸಿದವನ ಅಪರಾಧವನ್ನು ನಾವು ಕಡಿಮೆಮಾಡುತ್ತಿಲ್ಲ. ಹುಟ್ಟಿದ ಸುಳ್ಳಿಗೆ ಕಾಲು ಕೊಡುವವರು ನಾವೆಂಬುದನ್ನು ಮಾತ್ರ ನೆನಪಿಸುತ್ತಿದ್ದೇವೆ.

ಪ್ರೌಢಶಾಲೆ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಕಲಿಸುವ ಶಿಸ್ತನ್ನೇ ಸುದ್ದಿಗೂ ಅನ್ವಯಿಸುವುದನ್ನು ಕಲಿಸಬೇಕು ಎಂಬುದು ನಮ್ಮ ಸೂಚನೆ. ನೀಲಿ ಲಿಟ್ಮಸ್ ಕಾಗದ ಕೆಂಪಾದರೂ ಇದು ಆಮ್ಲ, ಆಗದಿದ್ದರೂ ಆಮ್ಲ ಎನ್ನುವ ವಿದ್ಯಾರ್ಥಿಯನ್ನು ಅಧ್ಯಾಪಕರು ಸುಮ್ಮನೆ ಬಿಟ್ಟಾರೆಯೆ? 1938ರಲ್ಲಿ ಕಿಟಕಿಯಿಂದ ಇಣುಕಿದವರು ಮಾಡಿದುದು ಇದನ್ನೇ: ಕಾರುಗಳಿದ್ದರೂ ಪ್ರಳಯ, ಇಲ್ಲದಿದ್ದರೂ ಪ್ರಳಯ. ಯಾವ ಫಲ ಬಂದರೂ ಒಂದೇ ತೀರ್ಮಾನ ಹೊರಡುವುದಾದರೆ ಅದು ಪರೀಕ್ಷೆಯೇ ಅಲ್ಲ. ಬಂದ ಸುದ್ದಿ ಸುಳ್ಳಾಗಿದ್ದರೆ ನನಗೆ ಅದು ಹೇಗೆ ಗೊತ್ತಾದೀತು? ಅದನ್ನು ಮೊದಲು ಹೇಳಿದವರು ಯಾರು, ಅವರು ಕಣ್ಣಾರೆ ಕಂಡರೆ? ಸಂಬಂಧವಿಲ್ಲದ ಇನ್ನೊಂದು ಮೂಲವೂ ಅದನ್ನೇ ಹೇಳುತ್ತಿದೆಯೆ? ಇಷ್ಟನ್ನು ಕೇಳಿಕೊಳ್ಳಲು ಉಪಕರಣ ಬೇಡ, ಹಣ ಬೇಡ. ಸ್ವಲ್ಪ ತಾಳ್ಮೆ ಸಾಕು. ಸುದ್ದಿ ತಂದವರು ನಮಗೆ ಪ್ರಿಯರಾದಷ್ಟೂ, ಸುದ್ದಿ ನಮ್ಮ ಹಳೆಯ ನಂಬಿಕೆಗೆ ಒಪ್ಪುವಷ್ಟೂ ಈ ತಾಳ್ಮೆ ಹೆಚ್ಚು ಬೇಕು.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದೂ ನಮ್ಮ ಹಿರಿಯರೇ ಹೇಳಿದ್ದಾರೆ. ಮನೆಯಲ್ಲಿ ಅಜ್ಜನೋ ಚಿಕ್ಕಮ್ಮನೋ ಮೊಬೈಲನ್ನು ಮುಂದೆ ಹಿಡಿದು “ನೋಡಪ್ಪ, ಇದು ನಿಜವೇನೋ?” ಎಂದು ಕೇಳಿದಾಗ ನಗಬೇಡಿರಿ. ಅವರು ಪ್ರಶ್ನೆ ಕೇಳಿದ್ದಾರೆ. ವಿಜ್ಞಾನದ ಮೊದಲ ಮೆಟ್ಟಿಲನ್ನು ಏರಿದ್ದಾರೆ. ಅವರ ಪಕ್ಕದಲ್ಲಿ ಕುಳಿತು, ನಿಜವೋ ಅಲ್ಲವೋ ಎಂಬುದನ್ನು ಒಟ್ಟಿಗೆ ಹುಡುಕಿರಿ. ಪುಣೆಯ ರೈತರು ಬಾನುಲಿಯ ಮುಂದೆ ಕುಳಿತು ಮಾಡಿದುದೂ ಅದನ್ನೇ ಅಲ್ಲವೆ?